ಒಂದು ಲೆನ್ಸು, ಎರಡು ಕ್ಯಾಮೆರಾ, ಒಂದು ಕರಡಿ

23 ಮಾರ್ಚ್ 2025, ಭಾನುವಾರ
ಬಳ್ಳಾರಿ, ರಾತ್ರಿ 10.40

ಮೈ ಕೈಯೆಲ್ಲ ಧೂಳು. ಟ್ಯಾಂಕಿನ ನೀರು ಈ ಹೊತ್ತಿಗೂ ಬಿಸಿ. ಬಕೆಟ್‌ನಲ್ಲಿ ಹಿಡಿದಿಟ್ಟಿದ್ದೇನೆ, ಅದು ಆರುವವರೆಗೆ ಇದನ್ನು ಬರೆದು ಮುಗಿಸಬೇಕು. ನಾಳೆ ಬರೆದರಾಯಿತು ಅಂದರೆ ಅರ್ಧ ಮರೆತಿರುತ್ತೇನೆ, ಇನ್ನರ್ಧವನ್ನು ನನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತೇನೆ.

ಇವತ್ತು ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. ಜೊತೆಗೆ ಅಕ್ಕನ ಮಗ. ಹೋದ ತಿಂಗಳು ಅವನು ಮಿರರ್‌ಲೆಸ್ ಕ್ಯಾಮೆರಾ (ಒಳಗೆ ಕನ್ನಡಿ ಇಲ್ಲದ ಹೊಸ ನಮೂನೆ) ತಗೊಂಡ, ಕ್ಯಾನನ್ ಆರ್7. ಇದ್ದ ದುಡ್ಡೆಲ್ಲ ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ಅದಕ್ಕೇ ಮುಗಿಯಿತು. "ಲೆನ್ಸ್ ನಿಮ್ದು ಐತಲ್ಲ ಮಾಮ" ಅಂದ. ಹಳೇ ಲೆನ್ಸ್ ಹೊಸ ಬಾಡಿಗೆ ಕೂರಿಸುವ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ನನ್ನದು ಹಳೇ ಸಂಸಾರ: ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಕ್ಯಾನನ್ 7ಡಿ ಮಾರ್ಕ್ 2, 100-400 ಎಂಎಂ ಝೂಮ್ ಲೆನ್ಸಿನ ಎರಡನೇ ಆವೃತ್ತಿ, ಮೇಲೆ ಲೆನ್ಸಿನ ಚಿತ್ರವನ್ನು 1.4 ಪಟ್ಟು ಹಿಗ್ಗಿಸುವ 1.4 ಎಕ್ಸ್ ಕನ್ವರ್ಟರ್. ಅರ್ಧ ಗಂಟೆ ಲೆನ್ಸ್ ನನ್ನ ಬಾಡಿಯಲ್ಲಿ, ಅರ್ಧ ಗಂಟೆ ಅವನದರಲ್ಲಿ ಅಂತ ಒಪ್ಪಂದವಾಯಿತು. ಕರಡಿ ಗಡಿಯಾರ ನೋಡಿಕೊಂಡು ಬರುವುದಿಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ಹೊರಟೆವು. ಕುಡಿತಿನಿಯಲ್ಲಿ ಒಗ್ಗಾಣಿ ಮಿರ್ಚಿ ತಿಂದು, ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು, ಮೂರರ ಒಳಗೆ ವಾಚ್ ಟವರ್ ಹತ್ತಿದೆವು. ಗೊತ್ತಿಲ್ಲದವರಿಗೆ: 1994ರಲ್ಲಿ ಈ ಕಾಡನ್ನು ಕರಡಿಗಳಿಗೆಂದು ಘೋಷಿಸಿದರು. ಈಗ 82.72 ಚದರ ಕಿಲೋಮೀಟರ್ ಇದೆ. ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ಕಾಡು ಎರಡು ಜಿಲ್ಲೆಗೆ ಹಂಚಿಹೋಗಿದೆ, ಕರಡಿಗಳಿಗೆ ಅದು ಗೊತ್ತಿಲ್ಲ. ಟವರ್ ಎದುರಿಗೆ ಕರಡಿಕಲ್ಲು ಗುಡ್ಡ. ಇಲಾಖೆಯವರು ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಮೊದಲು ನವಿಲು, ಗೌಜಲ ಹಕ್ಕಿ, ಮುಂಗುಸಿ. ಆಮೇಲೆ ಅವುಗಳನ್ನೆಲ್ಲ ಓಡಿಸುತ್ತ ಕರಡಿ.

ಕಟ್ಟೆಯ ಮೇಲೆ ನನ್ನ ಬೀನ್ ಬ್ಯಾಗ್ ಇಟ್ಟೆ. ಅದು ಹೆಂಡತಿ ಜೀನ್ಸ್ ತುಂಡಿನಲ್ಲಿ ಹೊಲಿದುಕೊಟ್ಟ ಚೀಲ, ಒಳಗೆ ಎರಡು ಕೆಜಿ ಜೋಳ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೇನು ಬರ? ಕನ್ವರ್ಟರ್ ಹಾಕಿದ ಮೇಲೆ ಇಂಥದ್ದೊಂದು ಬೇಕೇ ಬೇಕು. 560 ಎಂಎಂ, ಅದೂ ನನ್ನ ಸಣ್ಣ ಸೆನ್ಸರಿನ ಬಾಡಿಯಲ್ಲಿ ಸುಮಾರು 900 ಎಂಎಂನಷ್ಟು ಹತ್ತಿರ ಕಾಣುತ್ತದೆ. ಕೈಯ ನಡುಕವೂ ಅಷ್ಟೇ ಹತ್ತಿರ ಕಾಣುತ್ತದೆ.

ಮೂರರಿಂದ ನಾಲ್ಕರವರೆಗೆ ತೆಗೆದದ್ದೆಲ್ಲ ದಂಡ. ನವಿಲಿನ ಮೇಲೆ ಫೋಕಸ್ ಲಾಕ್ ಆಗುತ್ತಿತ್ತು, ಬೀಪ್ ಸದ್ದೂ ಬರುತ್ತಿತ್ತು, ಚಿತ್ರ ಮಾತ್ರ ನೀರಲ್ಲಿ ಕಲಸಿದ ಹಾಗೆ. ಕಾದ ಬಂಡೆಯಿಂದ ಏಳುವ ಝಳ ಅದು. ದೂರ ಹೆಚ್ಚಾದಷ್ಟೂ ನಡುವೆ ಕುದಿಯುವ ಗಾಳಿಯೂ ಹೆಚ್ಚು, ಕನ್ವರ್ಟರ್ ಅದನ್ನೂ ಸೇರಿಸಿ ಹಿಗ್ಗಿಸುತ್ತದೆ. ಎಷ್ಟೋ ಜನ ಇದನ್ನು ನೋಡಿ ಆಟೋಫೋಕಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಾನೂ ಒಮ್ಮೆ ಹಾಗೇ ಅಂದುಕೊಂಡು ಸರ್ವೀಸ್ ಸೆಂಟರ್‌ಗೆ ದುಡ್ಡು ಕೊಟ್ಟು ಬಂದಿದ್ದೇನೆ. ಮಾರ್ಚ್ ಬಿಸಿಲಲ್ಲಿ ನಮ್ಮ ಕಡೆ ಮೂರು ಗಂಟೆಗೆ ಯಾವ ಲೆನ್ಸೂ ಗೆಲ್ಲುವುದಿಲ್ಲ.

ಕಾಯುವಾಗ ಅಳಿಯನಿಗೆ ಹೋದ ವರ್ಷದ ಜೂನ್ ಕತೆ ಹೇಳಿದೆ. ಇದೇ ಟವರ್. ಅವತ್ತು ಗೆಳೆಯನ ಹತ್ತಿರ 2 ಎಕ್ಸ್ ಕನ್ವರ್ಟರ್ ಬೇಡಿ ತಂದಿದ್ದೆ. 400 ಹೋಗಿ 800 ಆಗುತ್ತದಲ್ಲ ಅನ್ನುವ ಆಸೆ. ತಾಯಿ ಕರಡಿ ಬೆನ್ನ ಮೇಲೆ ಎರಡು ಮರಿ ಹೊತ್ತು ಇಳಿದು ಬಂತು. ಬಟನ್ ಒತ್ತಿದರೆ ಲೆನ್ಸ್ ಅಲುಗಲೂ ಇಲ್ಲ. ಕೈಯಲ್ಲೇ ರಿಂಗ್ ತಿರುಗಿಸಿ ಅರವತ್ತು ಫ್ರೇಮ್ ಹೊಡೆದೆ. ವ್ಯೂಫೈಂಡರ್ ಒಳಗೆ ಸಂಜೆಗತ್ತಲು. ಒಂದೂ ಶಾರ್ಪ್ ಇಲ್ಲ.

"ಯಾಕ ಮಾಮ, ಹಾಳಾಗಿತ್ತಾ?"

ಹಾಳಾಗಿರಲಿಲ್ಲ. ಲೆಕ್ಕ ನನಗೆ ಗೊತ್ತಿರಲಿಲ್ಲ, ಅಷ್ಟೇ. ಕನ್ವರ್ಟರ್ ಅಂದರೆ ಲೆನ್ಸಿಗೂ ಬಾಡಿಗೂ ನಡುವೆ ಕೂರುವ ಭೂತಗನ್ನಡಿ. ಲೆನ್ಸ್ ತಂದ ಚಿತ್ರದ ನಡುಭಾಗವನ್ನು ಹಿಗ್ಗಿಸಿ ಸೆನ್ಸರ್ ಮೇಲೆ ಹಾಸುತ್ತದೆ. ಹಿಟ್ಟು ಅಷ್ಟೇ, ರೊಟ್ಟಿ ದೊಡ್ಡದು ಬೇಕು ಅಂದರೆ ತೆಳ್ಳಗೆ ತಟ್ಟಬೇಕು, ಅಲ್ವಾ? ಬೆಳಕೂ ಹಾಗೆ. 1.4 ಎಕ್ಸ್ ಒಂದು ಸ್ಟಾಪ್ ತಿನ್ನುತ್ತದೆ, ಅಂದರೆ ಬೆಳಕು ಅರ್ಧ. 2 ಎಕ್ಸ್ ಎರಡು ಸ್ಟಾಪ್. ಎಫ್ ಸಂಖ್ಯೆ ಅಂದರೆ ಲೆನ್ಸಿನ ಕಿಟಕಿ ಎಷ್ಟು ತೆರೆದಿದೆ ಅನ್ನುವ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ಕಿಟಕಿ ಕಿರಿದು. ಎಫ್ 5.6ರ ಲೆನ್ಸ್ ಮೊದಲನೆಯದರಲ್ಲಿ ಎಫ್ 8, ಎರಡನೆಯದರಲ್ಲಿ ಎಫ್ 11.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವ ಕಣ್ಣು ಕನ್ನಡಿಯ ಕೆಳಗೆ, ಬಾಡಿಯ ತಳದಲ್ಲಿ ಇರುತ್ತದೆ. ಲೆನ್ಸಿನ ಒಂದು ಅಂಚಿನಿಂದ ಬಂದ ಬೆಳಕನ್ನು ಎದುರು ಅಂಚಿನಿಂದ ಬಂದದ್ದರ ಜೊತೆ ಅದು ತಾಳೆ ನೋಡುತ್ತದೆ. ತಾಳೆಯಾದರೆ ಫೋಕಸ್. ಬಹಳಷ್ಟು ಬಾಡಿಗಳಲ್ಲಿ ಆ ಎರಡು ಅಂಚನ್ನು ಎಫ್ 5.6ರ ಕಿಟಕಿಗೆ ಲೆಕ್ಕ ಹಾಕಿ ಇಟ್ಟಿದ್ದಾರೆ. ಕಿಟಕಿ ಅದಕ್ಕಿಂತ ಕಿರಿದಾದರೆ ಕಣ್ಣಿಗೆ ಸಿಗುವುದು ಗೋಡೆ. ಕೆಲವು ಬಾಡಿಗಳಲ್ಲಿ ಫೋಕಸ್ ಹಿಡಿಯುವ ಪಾಯಿಂಟ್‌ಗಳ ಪೈಕಿ ನಡುವಿನ ಒಂದಕ್ಕೆ ಮಾತ್ರ ಎಫ್ 8ರವರೆಗೆ ದಾರಿ ಬಿಟ್ಟಿದ್ದಾರೆ. ನನ್ನ 7ಡಿ ಮಾರ್ಕ್ 2 ಅಂಥದ್ದು. ಕನ್ವರ್ಟರ್ ಹಾಕಿದ ಕೂಡಲೇ 65 ಪಾಯಿಂಟ್‌ನಲ್ಲಿ 64 ಹೋಗಿ ನಡುವಿನದು ಉಳಿಯುತ್ತದೆ. ಕ್ಯಾನನ್‌ನದೇ 5ಡಿ ಮಾರ್ಕ್ 3ಕ್ಕೆ ಈ ಸೌಲಭ್ಯ ಮೊದಲು ಇರಲೇ ಇಲ್ಲ, 2013ರಲ್ಲಿ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ನಲ್ಲಿ ಕೊಟ್ಟರು. ಎಫ್ 11 ಅಂದರೆ ಇವೆರಡೂ ಕೈ ಎತ್ತಿಬಿಡುತ್ತವೆ.

ಇಲ್ಲಿ ಅಳಿಯ ಒಂದು ಒಳ್ಳೇ ಪ್ರಶ್ನೆ ಕೇಳಿದ. ಎಫ್ 16 ಇಟ್ಟು ಗುಡ್ಡದ ಫೋಟೋ ತೆಗೆದಾಗ ಫೋಕಸ್ ಆಗುತ್ತದಲ್ಲ, ಅದು ಹೇಗೆ? ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಮಾಡುವಾಗ ಅಪರ್ಚರ್, ಅಂದರೆ ಆ ಕಿಟಕಿ, ಪೂರ್ತಿ ತೆರೆದೇ ಇರುತ್ತದೆ. ಶಟರ್ ಬೀಳುವ ಹೊತ್ತಿಗೆ ಮಾತ್ರ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನಾವು ಇಟ್ಟ ಸಂಖ್ಯೆ ಲೆಕ್ಕಕ್ಕಿಲ್ಲ, ಲೆನ್ಸ್ ಪೂರ್ತಿ ತೆರೆದಾಗ ಎಷ್ಟು ಅನ್ನುವುದೇ ಲೆಕ್ಕ. ಝೂಮ್ ಹಿಂದಕ್ಕೆ ತಂದು ತಪ್ಪಿಸಿಕೊಳ್ಳಬಹುದು ಅಂತ ನಾನು ಒಮ್ಮೆ ನೋಡಿದ್ದೆ. ನನ್ನ ಲೆನ್ಸ್ 100ರಲ್ಲಿ ಎಫ್ 4.5. ಕನ್ವರ್ಟರ್ ಸೇರಿದರೆ ಎಫ್ 6.3. ಆಗಲೂ ಗಡಿಯ ಆಚೆಗೇ. ಅದೇ 70-200 ಎಫ್ 4 ಇದ್ದವರು 1.4 ಎಕ್ಸ್ ಹಾಕಿ 280ಕ್ಕೆ ಹೋದರೂ ಎಫ್ 5.6, ಎಲ್ಲ ಡಿಎಸ್‌ಎಲ್‌ಆರ್‌ನಲ್ಲೂ ನಡೆಯುತ್ತದೆ. 70-200 ಎಫ್ 2.8 ಇದ್ದವರಿಗಂತೂ 2 ಎಕ್ಸ್ ಹಾಕಿದರೂ ಎಫ್ 5.6. ಎಫ್ 6.3ಕ್ಕೆ ಮುಗಿಯುವ 150-600 ಇರುವ ಗೆಳೆಯರು ಕನ್ವರ್ಟರ್ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಎಫ್ 9 ಆಗುತ್ತದೆ. ಅವರಿಗೆ ಸಿಟ್ಟು ಬರುತ್ತದೆ.

ಟೇಪಿನ ಉಪಾಯವನ್ನೂ ಹೇಳಿದೆ. ಈ 7ಡಿಗೆ ಮುಂಚೆ ನನ್ನ ಹತ್ತಿರ ಇದ್ದ ಬಾಡಿ ಎಫ್ 5.6 ದಾಟುತ್ತಿರಲಿಲ್ಲ. ಕನ್ವರ್ಟರ್ ಒಪ್ಪುವ ಕ್ಯಾನನ್ ಲೆನ್ಸ್‌ಗಳ ಹಿಂದೆ ಮಾಮೂಲಿ ಪಿನ್‌ಗಳ ಜೊತೆ ಮೂರು ಹೆಚ್ಚಿನ ಪಿನ್ ಇರುತ್ತವೆ. ಅವುಗಳ ಮೇಲೆ ತೆಳುವಾದ ಸೆಲ್ಲೋಟೇಪ್ ತುಂಡು ಅಂಟಿಸಿದರೆ ನಡುವೆ ಕನ್ವರ್ಟರ್ ಇದೆ ಅಂತ ಬಾಡಿಗೆ ಗೊತ್ತೇ ಆಗುವುದಿಲ್ಲ. ಎಫ್ 5.6 ಅಂತಲೇ ನಂಬಿಕೊಂಡು ಫೋಕಸ್‌ಗೆ ಪ್ರಯತ್ನಿಸುತ್ತದೆ. ಫೋಟೋದ ವಿವರದಲ್ಲೂ 400 ಎಂಎಂ ಅಂತಲೇ ಬರುತ್ತದೆ. ಬಿಸಿಲಲ್ಲಿ ಪರವಾಗಿಲ್ಲ, ಹಿಡಿಯುತ್ತಿತ್ತು. ನೆರಳಿಗೆ ಬಂದರೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹಂಟ್ ಮಾಡುತ್ತ ಕೂರುತ್ತಿತ್ತು. ಅದಕ್ಕೂ ಕಾರಣ ಇದೆ. ಕನ್ವರ್ಟರ್ ಇರುವುದು ತಿಳಿದರೆ ಬಾಡಿ ಫೋಕಸ್ ವೇಗವನ್ನು ಬೇಕೆಂದೇ ಇಳಿಸುತ್ತದೆ, 1.4 ಎಕ್ಸ್‌ಗೆ ಅರ್ಧ, 2 ಎಕ್ಸ್‌ಗೆ ಕಾಲು ಭಾಗ. ಟೇಪ್ ಹಾಕಿದರೆ ಆ ಎಚ್ಚರಿಕೆಯೂ ಹೋಯಿತು. ಕೊನೆಗೆ ನಮ್ಮ ಅದಿರಿನ ಧೂಳು ಟೇಪಿನ ಅಂಟಿಗೆ ಸೇರಿ ಪಿನ್ ಮೇಲೆಲ್ಲ ಕೆಂಪು ಮೇಣದ ಹಾಗೆ ಕೂತಿತು. ಕೆರೆಯಲು ಅರ್ಧ ದಿನ ಹಿಡಿಯಿತು. ಮತ್ತೆ ಆ ಕಡೆ ಹೋಗಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಮೊದಲ ಕರಡಿ ಬಂತು. ಒಂಟಿ ಗಂಡು ಇರಬೇಕು, ದೊಡ್ಡದು. ಲೆನ್ಸ್ ನನ್ನ ಬಾಡಿಯಲ್ಲಿತ್ತು.

ಕರಡಿ ಮೇಲೆ ಫೋಕಸ್ ಮಾಡುವುದು ಹುಲಿ, ಜಿಂಕೆಯ ಹಾಗಲ್ಲ. ಮೈಯೆಲ್ಲ ಒಂದೇ ಕಪ್ಪು. ಎಫ್ 8ರಲ್ಲಿ ಮೊದಲೇ ಬಡವಾದ ಆ ನಡುವಿನ ಪಾಯಿಂಟನ್ನು ಹೊಟ್ಟೆಯ ಮೇಲೆ ಇಟ್ಟರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ, ಇದ್ದಿಲ ಗೋಡೆಯ ಮೇಲೆ ಹಲ್ಲಿ ಜಾರಿದ ಹಾಗೆ. ಮೂತಿ ಮಾತ್ರ ಬೂದುಬಿಳಿ. ಎದೆಯ ಮೇಲೆ ಬಿಳಿ ವಿ ಗುರುತು. ಕಪ್ಪು ಮುಗಿದು ಬಿಳಿ ಶುರುವಾಗುವ ಆ ಗೆರೆಯ ಮೇಲೆ ಪಾಯಿಂಟ್ ಇಟ್ಟರೆ ತಟ್ಟನೆ ಲಾಕ್. ಅದು ತಲೆ ಬಗ್ಗಿಸಿ ಪಾಕ ನೆಕ್ಕುವಾಗ ಮೂತಿ ಮರೆಯಾಗುತ್ತದೆ, ಆಗ ನಾನು ಅದರ ಪಾದದ ಪಕ್ಕದ ಬಂಡೆಯ ಬಿರುಕಿಗೆ ಫೋಕಸ್ ಮಾಡಿಕೊಳ್ಳುತ್ತೇನೆ. ಫೋಕಸ್ಸನ್ನು ಹೆಬ್ಬೆರಳಿನ ಬಟನ್‌ಗೆ ಹಾಕಿಟ್ಟಿರುವುದರಿಂದ, ಒಮ್ಮೆ ಸಿಕ್ಕರೆ ಬೆರಳು ಎತ್ತಿಬಿಟ್ಟು ಸುಮ್ನೆ ಕಾಯಬಹುದು. ಲೆನ್ಸ್ ಪಕ್ಕದ ಸ್ವಿಚ್ ಮೂರು ಮೀಟರಿಂದ ಆಚೆಗೆ ಅಂತ ಇಟ್ಟಿರುತ್ತೇನೆ. ತಪ್ಪಿದರೂ ಮೂಗಿನ ಹತ್ತಿರದವರೆಗೆ ಬಂದು ಹುಡುಕುವ ಕೆಲಸ ಇಲ್ಲ.

ಎಫ್ 8, ಒಂದು ಸೆಕೆಂಡಿನ 800ನೇ ಭಾಗ, ಐಎಸ್ಒ (ಬೆಳಕು ಕಡಿಮೆಯಾದಾಗ ಏರಿಸುವ ಸೆನ್ಸರಿನ ಸೂಕ್ಷ್ಮತೆ) 3200. ನಲವತ್ತು ಫ್ರೇಮ್‌ನಲ್ಲಿ ಇಪ್ಪತ್ತಾರು ಒಳ್ಳೇವು. ನನ್ನ ಮಟ್ಟಿಗೆ ಹಬ್ಬ. ಒಂದೇ ತಾಪತ್ರಯ, ಪಾಯಿಂಟ್ ನಡುವಿನದ್ದೇ ಆದ್ದರಿಂದ ಎಲ್ಲ ಫೋಟೋದಲ್ಲೂ ಕರಡಿಯ ಮೂತಿ ಸರಿಯಾಗಿ ನಡುವೆ, ಪಾಸ್‌ಪೋರ್ಟ್ ಫೋಟೋದ ಹಾಗೆ.

ಐದೂ ಐದಕ್ಕೆ ಅಳಿಯನ ಸರದಿ. ಬೆನ್ನು ಗಾಳಿಗೆ ಕೊಟ್ಟು, ಮಡಿಲಲ್ಲಿ ಟವೆಲ್ ಹಾಸಿ, ಲೆನ್ಸ್, ಕನ್ವರ್ಟರ್ ಎರಡನ್ನೂ ಒಟ್ಟಿಗೇ ಬಿಚ್ಚಿ ಅವನ ಅಡಾಪ್ಟರ್ ಮೇಲೆ ಕೂರಿಸಿದೆ. ಅವನು ನೋಡಿದ, ನಕ್ಕ, ನನಗೆ ಕೊಟ್ಟ. ಪರದೆ ತುಂಬ ಪಾಯಿಂಟ್! ಮೂಲೆಯಲ್ಲಿದ್ದ ನವಿಲನ್ನೂ ಹಿಡಿಯಿತು, ನಡುವಿಗೆ ತರುವ ಕೆಲಸವೇ ಇಲ್ಲ. ಮಿರರ್‌ಲೆಸ್‌ನಲ್ಲಿ ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರೇ. ತಳದಲ್ಲಿ ಬೇರೆ ಕಣ್ಣಿಲ್ಲ, ಎಫ್ 5.6ರ ಕಿಟಕಿಯ ತಂಟೆಯೂ ಇಲ್ಲ. ಈ ಬಾಡಿ ಎಫ್ 22ರವರೆಗೂ ಫೋಕಸ್ ಮಾಡುತ್ತದೆ ಅಂತ ಕಂಪನಿಯೇ ಹೇಳುತ್ತದೆ. ವ್ಯೂಫೈಂಡರ್ ಕೂಡ ಕತ್ತಲಾಗುವುದಿಲ್ಲ. ನನ್ನ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು.

ಕ್ಯಾಮೆರಾ ಅವನಿಗೆ ವಾಪಸ್ ಕೊಟ್ಟು ಐದು ನಿಮಿಷ ಆಗಿಲ್ಲ, ಗಾರ್ಡ್ ಅಣ್ಣ ಮೆಲ್ಲಗೆ "ಮರಿ, ಮರಿ" ಅಂದ.

ಬಳ್ಳಾರಿ ಜಾಲಿಯ ಸಂದಿಯಿಂದ ತಾಯಿ ಬಂತು. ಬೆನ್ನ ಮೇಲೆ ಒಂದೇ ಮರಿ, ಕೂದಲಿನಲ್ಲಿ ಮುಖ ಹುದುಗಿಸಿಕೊಂಡು. ಹುಟ್ಟಿ ಮೂರು ತಿಂಗಳು ಆಗಿದ್ದರೆ ಹೆಚ್ಚು. ನನ್ನ ಕೈಯಲ್ಲಿ ಲೆನ್ಸಿಲ್ಲದ ಬಾಡಿ. "ಮಾಮ, ತಗೋರಿ" ಅಂತ ಅಳಿಯ ಅರ್ಧ ಎದ್ದ. ಬಿಚ್ಚಿ ಜೋಡಿಸುವಷ್ಟರಲ್ಲಿ ಅದು ಹೋಗಿರುತ್ತದೆ, ನೀನೇ ಹೊಡಿ ಅಂದೆ. ಬೈನಾಕ್ಯುಲರ್ ತಗೊಂಡೆ. ತಾಯಿ ಬಂಡೆ ಹತ್ತುವಾಗ ಮರಿ ಹಿಂದಕ್ಕೆ ಜಾರಿತು, ಎರಡು ಮುಂಗಾಲಲ್ಲಿ ಕೂದಲು ಹಿಡಿದು ಮತ್ತೆ ಮೇಲೇರಿತು. ತಾಯಿ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಅಳಿಯನ ಶಟರ್ ಸದ್ದು ನಿಲ್ಲಲೇ ಇಲ್ಲ.

ಐದೂ ಮುಕ್ಕಾಲರ ಹೊತ್ತಿಗೆ ಬೆಳಕು ಇಳಿಯಿತು. ಐಎಸ್ಒ 12800 ಮುಟ್ಟಿತು. ಫೋಕಸ್ ಇನ್ನೂ ಸಿಗುತ್ತಿತ್ತು, ಆದರೆ ತಡಕಾಡುತ್ತ. ಮಿರರ್‌ಲೆಸ್ ಆದರೂ ಕಳೆದುಹೋದ ಬೆಳಕನ್ನು ಎಲ್ಲಿಂದ ತರುತ್ತದೆ? ಕನ್ವರ್ಟರ್ ತೆಗೆಸಿದೆ. 400, ಎಫ್ 5.6, ಐಎಸ್ಒ 6400. ಕೂಡಲೇ ಚುರುಕಾಯಿತು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಸಂಜೆಯ 400ರ ಚಿತ್ರವನ್ನು 560ರ ಅಳತೆಗೆ ಕ್ರಾಪ್ ಮಾಡಿದರೆ ಅವನ 32.5 ಮೆಗಾಪಿಕ್ಸೆಲ್‌ನಲ್ಲಿ ಹದಿನಾರೂವರೆ ಉಳಿಯುತ್ತದೆ. ಕೊನೆಯ ಕಾಲು ಗಂಟೆಯವು ಕ್ರಾಪ್ ಮಾಡಿದ್ದೇ ಚೆನ್ನಾಗಿವೆ. ಐದೂ ಹದಿನೈದರ ಮರಿಯ ಚಿತ್ರದಲ್ಲಿ ಕನ್ವರ್ಟರ್ ಗೆದ್ದಿದೆ, ಉಗುರಿನ ತುದಿಯ ಮಣ್ಣೂ ಕಾಣುತ್ತದೆ. ನನ್ನ 7ಡಿ ಚಿತ್ರಗಳು ಕೂದಲೆಳೆಯಷ್ಟು ಹಿಂದಕ್ಕೆ ಫೋಕಸ್ ಆಗಿವೆ, ಮೂತಿಗಿಂತ ಕಿವಿ ಶಾರ್ಪ್. ಲೆನ್ಸ್ ಒಂದೇ ಇದ್ದಾಗ ಮಾಡಿದ ಫೋಕಸ್ ತಿದ್ದುಪಡಿ ಕನ್ವರ್ಟರ್ ಜೊತೆಗೆ ನಡೆಯುವುದಿಲ್ಲ, ಬಾಡಿ ಅದನ್ನು ಬೇರೆ ಜೋಡಿ ಅಂತಲೇ ಲೆಕ್ಕ ಇಡುತ್ತದೆ. ಬರುವ ಭಾನುವಾರ ಬೆಳಿಗ್ಗೆ ಝಳ ಏಳುವ ಮುಂಚೆ ಮಹಡಿಯ ಮೇಲೆ ಟ್ರೈಪಾಡ್ ಇಟ್ಟು, ದೂರದಲ್ಲಿ ಪೇಪರ್ ಹಾಳೆ ಅಂಟಿಸಿ ಮತ್ತೆ ಸರಿ ಮಾಡಬೇಕು.

ಕನ್ವರ್ಟರಿನ ಹಿಂದಿನ ಮುಚ್ಚಳ ಕಾಣಲಿಲ್ಲ. ಬ್ಯಾಗೆಲ್ಲ ಜಾಲಾಡಿದೆ. ಕೊನೆಗೆ ಮಿರ್ಚಿ ಪೊಟ್ಟಣದಲ್ಲಿ ಸಿಕ್ಕಿತು, ಎಣ್ಣೆ ಮೆತ್ತಿಕೊಂಡು.

ಈಗ ಫೋನ್ ಸದ್ದಾಯಿತು. ಅಳಿಯ ಮರಿಯ ಫೋಟೋ ಸ್ಟೇಟಸ್‌ಗೆ ಹಾಕಿದ್ದಾನೆ. ಕೆಳಗೆ ಬರೆದಿದ್ದಾನೆ: "ಫೋಟೋ ನನ್ನದು. ಲೆನ್ಸ್, ಕನ್ವರ್ಟರ್, ಪೆಟ್ರೋಲ್, ಮಿರ್ಚಿ: ಮಾಮ." ಅಕ್ಕ ಆಗಲೇ ನೋಡಿ ನನಗೆ ಕೇಳಿದ್ದಾಳೆ, ಆ ಲೆನ್ಸಿಗೆ ಎಷ್ಟು ಆಗ್ತದ ಅಂತ. ನೀರು ಆರಿರಬೇಕು. ಸ್ನಾನ ಮಾಡಿ ಬಂದು ಉತ್ತರ ಹೇಳುತ್ತೇನೆ.