ಅಪ್ಪನ ನೆಗೆಟಿವ್‌ಗಳಿಗೆ ಜೋಡಿ ಡಿಸ್ಕು

ಕವರಿನ ಮೇಲೆ ಅಪ್ಪನ ಕೈಬರಹ: 'ಕೆರಗೋಡು ಮದುವೆ, 1984, ರೋಲ್ 3'. ಏಳನೇ ಫ್ರೇಮಿನಲ್ಲಿ ಧಾರೆ ನಡೀತಿದೆ. ಹುಡುಗಿಯ ತಾಯಿ ಹಾಲಿನ ಗಿಂಡಿ ಬಗ್ಗಿಸಿದ್ದಾರೆ, ಕಣ್ಣು ಮಾತ್ರ ಮಗಳ ಮುಖದ ಮೇಲಿದೆ. ಹೋದ ತಿಂಗಳು ಆ ಫ್ರೇಮಿನ ಸ್ಕ್ಯಾನ್ ಫೈಲು ತೆರೆದರೆ ಗಿಂಡಿಯಿಂದ ಕೆಳಗೆ ಬರೀ ಬೂದು ಬಣ್ಣ.

ನೆಗೆಟಿವ್ ಹುಡುಕಿದೆ. ಕವರು ಬಿಚ್ಚುತ್ತಲೇ ವಿನೆಗರ್ ವಾಸನೆ ಮೂಗಿಗೆ ಹೊಡೀತು. ಹಳೇ ಅಸಿಟೇಟ್ ಫಿಲ್ಮ್ ಕೊಳೆಯೋಕೆ ಶುರುವಾದರೆ ಬರೋ ವಾಸನೆ ಅದು. ಫಿಲ್ಮ್ ಸುರುಟಿಕೊಂಡು, ಮೇಲಿನ ಪದರ ಹಪ್ಪಳದ ಹಾಗೆ ಎದ್ದಿತ್ತು. ನಾಲ್ಕು ವರ್ಷದ ಹಿಂದೆ ಸ್ಕ್ಯಾನ್ ಮಾಡಿದಾಗ ಚೆನ್ನಾಗೇ ಇತ್ತು.

ಅಪ್ಪ ಮಂಡ್ಯದಲ್ಲಿ ಮೂವತ್ತೊಂದು ವರ್ಷ ಸ್ಟುಡಿಯೋ ನಡೆಸಿದವರು. ಯಾಶಿಕಾ ಕ್ಯಾಮೆರಾ, 120 ಫಿಲ್ಮ್, ರೋಲಿಗೆ 12 ಫೋಟೋ. ಒಂದೊಂದು ಫ್ರೇಮನ್ನೂ 2400 ಡಿಪಿಐನಲ್ಲಿ, 16 ಬಿಟ್ ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 55 ಎಂಬಿ ಆಗುತ್ತೆ. ಅದರ ಜೊತೆಗೆ ಮದುವೆ ವಿಡಿಯೋ ಕ್ಯಾಸೆಟ್‌ಗಳು. ಎಲ್ಲಾ ಸೇರಿ 4.6 ಟಿಬಿ, ವಿದ್ಯಾನಗರದ ನಮ್ಮ ಮನೆಯ ಸರ್ವರಿನಲ್ಲಿ ಎರಡು 4 ಟಿಬಿ ಡಿಸ್ಕುಗಳಲ್ಲಿ ಸ್ಟ್ರೈಪ್ ಆಗಿ ಕೂತಿತ್ತು. ಜಾಗ ಪೂರ್ತಿ ಸಿಗುತ್ತೆ ಅನ್ನೋ ಆಸೆಗೆ ಹಾಗೆ ಮಾಡಿದ್ದೆ.

ಸ್ಟ್ರೈಪ್ ಅಂದರೆ ಪುಸ್ತಕದ ಹಾಳೆ ಬಿಡಿಸಿ ಒಂದನ್ನ ಈ ಬೀರುವಿನಲ್ಲಿ, ಮುಂದಿನದನ್ನ ಆ ಬೀರುವಿನಲ್ಲಿ ಇಟ್ಟ ಹಾಗೆ. ಒಂದು ಬೀರು ಸುಟ್ಟರೂ ಪುಸ್ತಕ ಇಲ್ಲ. ಈ ಡಿಸ್ಕುಗಳನ್ನ ನೋಡಿಕೊಳ್ಳೋ ಫೈಲ್ ವ್ಯವಸ್ಥೆ ಜೆಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡೋ ಅಂಕಿ, ಇಟ್ಟಿರುತ್ತೆ, ಹಾಳಾಗಿದ್ದನ್ನ ಓದುವಾಗ ಗುರುತಿಸುತ್ತೆ. ಸರಿಮಾಡೋಕೆ ಇನ್ನೊಂದು ಪ್ರತಿ ಬೇಕಲ್ಲ, ಅದು ನನ್ನಲ್ಲಿ ಇರಲಿಲ್ಲ. ಸ್ಟೇಟಸ್ ಕೇಳಿದರೆ ಆ ಒಂದು ಫೈಲಿನ ಹೆಸರು ಹೇಳಿ ಸುಮ್ಮನಾಯಿತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡೋ ಸ್ಮಾರ್ಟ್ ವರದಿಯಲ್ಲಿ, 197 ನಂಬರಿನ ಸಾಲಿನಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರು 8 ಅಂತಿತ್ತು. 512 ಬೈಟಿನ ಲೆಕ್ಕದಲ್ಲಿ 8 ಅಂದರೆ ಡಿಸ್ಕಿನ ಮೇಲಿನ ಒಂದೇ ಒಂದು 4 ಕೆಬಿ ಸೆಕ್ಟರು. ಅಷ್ಟರಲ್ಲೇ ಒಬ್ಬ ತಾಯಿಯ ಕೈ ಅಳಿಸಿಹೋಗಿತ್ತು.

ಮೈಸೂರಿನ ಕುವೆಂಪುನಗರದಲ್ಲಿ ಅಕ್ಕನ ಮನೆ ಇದೆ. ದಸರಾಕ್ಕೆ ಹೋದಾಗೆಲ್ಲ ಅಲ್ಲಿರೋ ಎಕ್ಸ್‌ಟರ್ನಲ್ ಡಿಸ್ಕಿಗೆ ಒಂದು ಪ್ರತಿ ಹಾಕಿ ಬರ್ತೀನಿ. ಫೈಲು ಅಲ್ಲಿ ಸುಸೂತ್ರವಾಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಬ್ಯಾಗು ತೊಡೆಯಿಂದ ಕೆಳಗಿಳಿಸಲಿಲ್ಲ.

ಆಮೇಲೆ ಮೂರು ಹೊಸ ಡಿಸ್ಕು ತಂದೆ, ಬೇಕಂತಲೇ ಬೇರೆ ಬೇರೆ ಅಂಗಡಿಯಲ್ಲಿ. ಒಂದೇ ಬ್ಯಾಚಿನವು ಒಟ್ಟಿಗೇ ಕೆಡಬಾರದಲ್ಲ. ಎಸ್‌ಎಂಆರ್ ಮಾದರಿ (ಡೇಟಾದ ಸಾಲುಗಳನ್ನ ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿ ಬರೆಯೋ ಡಿಸ್ಕು) ಬೇಡವೇ ಬೇಡ ಅಂತ ನಂಬರು ನೋಡಿ ತಗೊಂಡೆ. ಅವುಗಳಲ್ಲಿ ಒಂದೇ ಸಮ ಬರೆಯುವ ಕೆಲಸ ವಿಪರೀತ ನಿಧಾನ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇರೋ ಡಿಸ್ಕಿಗೆ ಜೋಡಿ ಕೊಡೋ ಆಜ್ಞೆ 'ಜೆಡ್‌ಪೂಲ್ ಅಟ್ಯಾಚ್'. ಪೂಲಿನ (ಒಟ್ಟು ಸೇರಿಸಿದ ಡಿಸ್ಕುಗಳ ಗುಂಪಿನ) ಹೆಸರು, ಹಳೇ ಡಿಸ್ಕು, ಹೊಸ ಡಿಸ್ಕು, ಇದೇ ಕ್ರಮ. ಇದರ ಬದಲು 'ಆಡ್' ಅಂತ ಟೈಪ್ ಮಾಡಿದರೆ ಹೊಸ ಡಿಸ್ಕು ಮೂರನೇ ಸ್ಟ್ರೈಪ್ ಆಗಿ ಸೇರಿಬಿಡುತ್ತೆ. ಬರೀ ಸ್ಟ್ರೈಪ್ ಇರೋ ಪೂಲಿನಲ್ಲಿ ಒಂದು ಎಚ್ಚರಿಕೆಯೂ ಬರಲ್ಲ, ಅಪಾಯ ಇನ್ನೊಂದು ಡಿಸ್ಕಿನಷ್ಟು ಜಾಸ್ತಿ ಆಗುತ್ತೆ ಅಷ್ಟೇ. ಎಂಟರ್ ಒತ್ತೋ ಮೊದಲು ಆ ಸಾಲನ್ನ ಮೂರು ಸಲ ಗಟ್ಟಿಯಾಗಿ ಓದಿದೆ. ಡಿಸ್ಕಿನ ಸೀರಿಯಲ್ ನಂಬರನ್ನ ಅದರ ಮೇಲಿನ ಚೀಟಿಗೆ ಹೋಲಿಸಿದೆ. ಹೊಸದು ಹಳೇದಕ್ಕಿಂತ ಚಿಕ್ಕದಿರಬಾರದು, ಅದನ್ನೂ ನೋಡಿಕೊಂಡೆ.

ಮೊದಲು ಕಾಯಿಲೆ ಬಿದ್ದ ಡಿಸ್ಕಿಗೆ ಜೋಡಿ ಕೊಟ್ಟೆ. ಯುಪಿಎಸ್ ಬ್ಯಾಟರಿ ತುಂಬಿತ್ತು. ಹೊಸ ಡಿಸ್ಕಿಗೆ ಪ್ರತಿ ತುಂಬೋ ಈ ಕೆಲಸಕ್ಕೆ 'ರೆಸಿಲ್ವರ್' ಅಂತಾರೆ, ಹಳೇ ಕನ್ನಡಿಯ ಬೆನ್ನಿಗೆ ಮತ್ತೆ ಬೆಳ್ಳಿ ಬಳಿಯೋದು ಅಂತ ಅರ್ಥ. ಅಪ್ಪನ ಕಪ್ಪುಬಿಳುಪು ನೆಗೆಟಿವ್‌ಗಳಲ್ಲಿ ಕಪ್ಪಾಗಿ ಕಾಣೋದೂ ಬೆಳ್ಳಿಯೇ. ಆ ಪದ ಓದಿದಾಗ ಯಾಕೋ ಮೈ ಜುಂ ಅಂತು.

ರಾತ್ರಿ ಅಪ್ಪ ನೀರು ಕುಡಿಯೋಕೆ ಎದ್ದು ಬಂದರು.

"ಏನ್ ಮಗ ಇದು, ಗರಗರ ಅಂತದೆ?"

"ನಿಮ್ಮ ಫೋಟೋಗಳದ್ದು ಇನ್ನೊಂದು ಪ್ರತಿ ಆಗ್ತಾ ಇದೆ ಅಪ್ಪ."

ಕುರ್ಚಿ ಎಳಕೊಂಡು ಕೂತರು. ಪರದೆ ಮೇಲೆ ಶೇಕಡಾ 61 ಅಂತಿತ್ತು. ಅದು 64 ಆಗೋವರೆಗೂ ಏಳಲಿಲ್ಲ.

ಒಂದು ಡಿಸ್ಕಿಗೆ ಆರು ಗಂಟೆ ಹತ್ತಿರ ಹಿಡೀತು. ಮಾರನೇ ದಿನ ಎರಡನೇದು. ಕೊನೆಗೆ ಕಾಯಿಲೆ ಡಿಸ್ಕನ್ನ ಬಿಡಿಸಿ ಮೂರನೇ ಹೊಸದನ್ನ ಅಲ್ಲಿಗೆ ಸೇರಿಸಿದೆ. ಈಗ ಎರಡು ಜೋಡಿ, ಪ್ರತಿ ಜೋಡಿಯಲ್ಲೂ ಒಂದು ಡಿಸ್ಕು ಕೈಕೊಟ್ಟರೂ ಫೋಟೋ ಉಳಿಯುತ್ತೆ. ಒಂದೇ ಜೋಡಿಯ ಎರಡೂ ಹೋದರೆ ಎಲ್ಲಾ ಹೋಗುತ್ತೆ. ನಾನೇ ತಪ್ಪಿ ಅಳಿಸಿದರೆ ಎರಡು ಕಡೆಯಿಂದಲೂ ಅಳಿಸಿಹೋಗುತ್ತೆ. ಹಾಗಾಗಿ ಅಕ್ಕನ ಮನೆಯ ಡಿಸ್ಕಿಗೆ ಇನ್ನು ದಸರಾ ಕಾಯಲ್ಲ, ತಿಂಗಳಿಗೊಂದು ಸಲ ಮೈಸೂರು ಬಸ್ಸು.

ಭಾನುವಾರ ಪೂರ್ತಿ ಸ್ಕ್ರಬ್, ಅಂದರೆ ಇರೋ ಡೇಟಾ ಎಲ್ಲಾ ಓದಿ ತಾಳೆ ನೋಡೋ ಕೆಲಸ, ಓಡಿಸಿದೆ, ದೋಷ ಸೊನ್ನೆ. ಏಳನೇ ಫ್ರೇಮು ತೆರೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಮೇಲೆ ಮಾಡಿಕೊಂಡು, "ಇದ್ರ ನಾಲ್ಕನೇ ರೋಲು ಅಟ್ಟದ ಟ್ರಂಕಲ್ಲಿ ಇರಬೇಕು ನೋಡು" ಅಂದರು. ಸಿಕ್ಕಿದೆ. ವಾಸನೆ ಅದಕ್ಕೂ ಹತ್ತಿದೆ, ಇವತ್ತು ರಾತ್ರಿಯೇ ಸ್ಕ್ಯಾನಿಗೆ ಕೂರ್ತೀನಿ.