ಕ್ಷಮಿಸಿದ ಮೇಲೆ ಮೊದಲಿನ ಹಾಗೇ ಇರಬೇಕಲ್ವಾ? ಇಲ್ಲ.

"ಪಾಸ್ಟರ್, ಕ್ರೈಸ್ತರು ಅಂದ ಮೇಲೆ ಕ್ಷಮಿಸಲೇಬೇಕಲ್ವಾ? ಕ್ಷಮಿಸಿದ ಮೇಲೆ ಮೊದಲಿನ ಹಾಗೇ ಇರಬೇಕಲ್ವಾ?" ಕೇಳುವವರು ಉತ್ತರ ತಾವೇ ಬರೆದುಕೊಂಡು ಬಂದಿರುತ್ತಾರೆ, ನನ್ನಿಂದ ಬೇಕಾಗಿರುವುದು ಸಹಿ ಮಾತ್ರ. ಇನ್ನೊಂದು ವಿಷಯ: ಕೇಳುವವರು ನೋವು ತಿಂದವರೇ ಆಗಿರುವುದು ಅಪರೂಪ. ನೋವು ಕೊಟ್ಟವರ ಅಣ್ಣ, ಅತ್ತೆ, ಸಭೆಯ ಹಿರಿಯರು, ಇಬ್ಬರಿಗೂ ಬೇಕಾದವರು. ಕ್ರಿಸ್‌ಮಸ್‌ ಒಳಗೆ ವಿಷಯ ಮುಗಿದುಬಿಡಲಿ ಎನ್ನುವ ಅವಸರ ಅವರದು.

ಒಂದೇ ಸಲ ಬರೆದುಬಿಡುತ್ತೇನೆ, ಇನ್ನು ಮುಂದೆ ಲಿಂಕ್ ಕಳಿಸಿದರಾಯಿತು. ಕ್ಷಮಿಸಬೇಕಾ? ಹೌದು. ಮೊದಲಿನ ಹಾಗೇ ಇರಬೇಕಾ? ಇಲ್ಲ.

ಹೌದು ಎಂದ ಕಡೆ ನುಸುಳಲು ಸಂದಿಯಿಲ್ಲ. ಕರ್ತನ ಪ್ರಾರ್ಥನೆಯನ್ನು ಕಲಿಸಿ ಮುಗಿಸಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದು ಕ್ಷಮೆಯ ಸಾಲೊಂದನ್ನೇ (ಮತ್ತಾಯ 6:14-15). ಮಾರ್ಕ 11:25ರಲ್ಲಂತೂ ಎದುರಿನವನು ಬಂದು ಕೇಳಿಕೊಳ್ಳಲಿ ಎಂಬ ಷರತ್ತೂ ಇಲ್ಲ. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ, ಅಷ್ಟೆ. ಆದರೆ ಲೂಕ 17:3 "ತಪ್ಪು ಮಾಡಿದವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು" ಎನ್ನುತ್ತದಲ್ಲ? ಅದೂ ಸರಿಯೇ. ಮೊದಲನೆಯದು ದೇವರ ಮುಂದೆ ಒಬ್ಬರೇ ಮಾಡುವ ಕೆಲಸ. ಎರಡನೆಯದು ಇಬ್ಬರ ನಡುವೆ ಆಗಬೇಕಾದದ್ದು, ಒಬ್ಬರಿಂದ ಆಗುವುದಿಲ್ಲ. ನಮ್ಮ ಜನ ಎರಡನ್ನೂ ಒಂದೇ ಗಂಟು ಕಟ್ಟಿ ನೊಂದವರ ತಲೆಯ ಮೇಲಿಡುತ್ತಾರೆ.

ಇನ್ನು ಎಲ್ಲರೂ ಎಸೆಯುವ ಮತ್ತಾಯ 18ರ ಸಾಮ್ಯ, ಅಂದರೆ ಯೇಸು ಹೇಳಿದ ಕಥೆ. ಸೇವಕನಿಗೆ ಹತ್ತು ಸಾವಿರ ತಲಾಂತು ಸಾಲ ಮನ್ನಾ ಆಯಿತು. ಅವನು ಮಾತ್ರ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತು ಸುಮಾರು 6,000 ದಿನಾರಿ. ವರ್ಷಕ್ಕೆ 300 ದಿನ ದುಡಿದರೂ ಹತ್ತು ಸಾವಿರ ತಲಾಂತು ತೀರಿಸಲು 2 ಲಕ್ಷ ವರ್ಷ ಬೇಕು. ಪ್ರಸಂಗಗಳಲ್ಲಿ ಈ ಲೆಕ್ಕ ಚೆನ್ನಾಗಿ ಬರುತ್ತದೆ. ನೂರು ದಿನಾರಿಯ ಹತ್ತಿರ ಬಂದಾಗ ಮಾತ್ರ "ಚಿಲ್ಲರೆ" ಎಂದು ದಾಟಿಬಿಡುತ್ತಾರೆ. ಮೂರು ತಿಂಗಳಿಗೂ ಹೆಚ್ಚಿನ ಕೂಲಿ ಚಿಲ್ಲರೆಯೇ? ನಿಮಗಾದ ನೋವು ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ಅದಕ್ಕೆ ಒಂದು ಮೊತ್ತ ಇಟ್ಟೇ ಮನ್ನಾ ಮಾಡಿ ಎಂದರು.

ಹಾಗಾಗಿ ನನ್ನ ಬಳಿ ಬರುವ ನೊಂದವರಿಗೆ ಮೊದಲು ಹೇಳುವುದು ಲೆಕ್ಕ ಬರೆಯಲು. "ಅವರು ನನಗೆ ಬಹಳ ನೋವು ಕೊಟ್ಟರು" ಎಂದು ಬರೆದರೆ ಸಾಲದು. ಯಾರು, ಯಾವಾಗ, ಏನು ಮಾಡಿದರು, ಅದರಿಂದ ನಾನು ಕಳೆದುಕೊಂಡದ್ದೇನು: ದುಡ್ಡೋ, ಹೆಸರೋ, ಕೆಲಸವೋ, ನಿದ್ದೆಯೋ. ಆಮೇಲೆ ಅದನ್ನು ಪ್ರಾರ್ಥನೆಯಲ್ಲಿ ಸಿಟ್ಟಿನ ಸಮೇತ ಓದಬೇಕು. ಸಿಟ್ಟಿಗೆ ಮಾತು ಸಿಗದಿದ್ದರೆ 109ನೇ ಕೀರ್ತನೆ ಇದೆ. ಅಷ್ಟು ಖಾರ ನಿಮ್ಮಿಂದಲೂ ಆಗಲಾರದು. ಕೊನೆಗೆ ಒಂದೊಂದು ಸಾಲಿಗೂ, ಇದನ್ನು ನಾನು ವಸೂಲಿ ಮಾಡುವುದಿಲ್ಲ ಎಂದು ದೇವರಿಗೆ ಒಪ್ಪಿಸುವುದು. ವಸೂಲಿ ಎಂದರೆ ಚುಚ್ಚಿ ಮಾತಾಡುವುದು, ಸಿಕ್ಕವರ ಮುಂದೆ ಹೆಸರು ಕೆಡಿಸುವುದು, ಅವರಿಗೆ ಕೆಟ್ಟದ್ದಾದಾಗ ಒಳಗೊಳಗೇ ಖುಷಿಪಡುವುದು. ಅವರಿಗಾಗಿ ಪ್ರಾರ್ಥನೆ ಒಂದೇ ವಾಕ್ಯವಾದರೂ ಸಾಕು, ಹಲ್ಲು ಕಚ್ಚಿಕೊಂಡು ಮಾಡಿದರೂ ನಡೆಯುತ್ತದೆ.

ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ, ಲೆಕ್ಕವನ್ನೇ ಬರೆಯದೆ ಘಟನೆಯಾದ ಮರುದಿನವೇ "ಕ್ಷಮಿಸಿದೆ" ಎಂದುಬಿಟ್ಟಾಗ. ಯಾವ ಬಾಬ್ತು ಮನ್ನಾ ಆಯಿತೆಂದೇ ಗೊತ್ತಿಲ್ಲದ್ದರಿಂದ ಆರು ತಿಂಗಳ ಮೇಲೆ ಅದು ಬೇರೆ ರೂಪದಲ್ಲಿ ಎದ್ದು ಕೂರುತ್ತದೆ. ಎರಡು, ತಪ್ಪೇ ಒಪ್ಪದವರಿಗೆ ಫೋನ್ ಮಾಡಿ "ನಿಮ್ಮನ್ನು ಕ್ಷಮಿಸಿದ್ದೇನೆ" ಎಂದು ಘೋಷಿಸಿದಾಗ. ಅವರ ಕಿವಿಗೆ ಅದು ಹೊಸ ಆರೋಪ, ಜಗಳ ಮತ್ತೆ ಒಂದರಿಂದ ಶುರು. ಮೂರು, ನೆನಪು ಬಂದ ತಕ್ಷಣ "ಅಯ್ಯೋ, ನಾನು ಕ್ಷಮಿಸಿಯೇ ಇಲ್ಲ" ಎಂದು ಗಾಬರಿಯಾದಾಗ. ಎಷ್ಟು ಸಲ ಕ್ಷಮಿಸಬೇಕು ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಹೇಳಿದ ಏಳೆಪ್ಪತ್ತು ಸಲ ಒಂದೇ ತಪ್ಪಿಗೂ ಬೇಕಾಗಬಹುದು.

ಇನ್ನು ಮೊದಲಿನ ಹಾಗೇ ಇರುವ ವಿಷಯ. 1 ಸಮುವೇಲ 26 ತೆಗೆಯಿರಿ. ತನ್ನನ್ನು ಕೊಲ್ಲಲು ಬೆನ್ನಟ್ಟಿ ಬಂದು ಮಲಗಿದ್ದ ರಾಜ ಸೌಲನನ್ನು ದಾವೀದ ಕೊಲ್ಲಲಿಲ್ಲ. ತಲೆಯ ಬಳಿ ಇದ್ದ ಈಟಿ, ನೀರಿನ ಪಾತ್ರೆ ತೆಗೆದುಕೊಂಡು ಹೋಗಿ ದೂರದ ಬೆಟ್ಟದ ಮೇಲೆ ನಿಂತು ಕೂಗಿದ. ಸೌಲ "ಪಾಪ ಮಾಡಿದೆ, ಮಗನೇ, ಹಿಂದಿರುಗಿ ಬಾ" ಎಂದ. ದಾವೀದ ಏನು ಮಾಡಿದ? ಆಳನ್ನು ಕಳಿಸಿ ಈಟಿ ತರಿಸಿಕೋ ಎಂದು ಹೇಳಿ ತನ್ನ ದಾರಿ ಹಿಡಿದ. ಅದೇ ಸೌಲ ಹಿಂದೆ ಅವನತ್ತ ಈಟಿ ಎಸೆದಿದ್ದ ಎಂಬುದನ್ನು ಮರೆಯಬೇಡಿ. ಯೋಸೇಫನೂ ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರನ್ನು ಕಂಡ ಕೂಡಲೇ ತಬ್ಬಿಕೊಳ್ಳಲಿಲ್ಲ. ಸಿಮೆಯೋನನನ್ನು ಒತ್ತೆ ಇಟ್ಟುಕೊಂಡ, ಕಳವಿನ ಆರೋಪ ಬರುವಂತೆ ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬಟ್ಟಲು ಇಡಿಸಿದ. ತಮ್ಮನ ಬದಲು ನಾನೇ ಗುಲಾಮನಾಗಿ ಉಳಿಯುತ್ತೇನೆ ಎಂದು ಯೆಹೂದ ಮುಂದೆ ಬಂದ ಮೇಲೆಯೇ ತಾನು ಯಾರೆಂದು ಹೇಳಿದ. ಯೋಸೇಫನನ್ನು ಮಾರೋಣ ಎಂದು ಹಿಂದೆ ಸಲಹೆ ಕೊಟ್ಟವನು ಇದೇ ಯೆಹೂದ.

ಹೊಡೆಯುವ ಗಂಡನ ಮನೆಗೆ ಹಿಂತಿರುಗು, ಪೊಲೀಸರ ಹತ್ತಿರ ಹೋಗಬೇಡ ಎಂದು ಕ್ಷಮೆಯ ಹೆಸರಿನಲ್ಲಿ ಹೇಳುವವರೊಂದಿಗೆ ನನಗೆ ಚರ್ಚೆಯೇ ಇಲ್ಲ. ರೋಮಾಪುರ 12 ಸೇಡನ್ನು ದೇವರಿಗೆ ಬಿಡಿ ಎನ್ನುತ್ತದೆ, ಮರು ಅಧ್ಯಾಯವೇ ತಪ್ಪು ಮಾಡಿದವನನ್ನು ದಂಡಿಸುವ ಕೆಲಸ ಅಧಿಕಾರಿಗೆ ಇದೆ ಎನ್ನುತ್ತದೆ. ಪೋಪ್ ಎರಡನೆಯ ಜಾನ್ ಪಾಲ್ 1981ರ ಮೇ 13ರಂದು ಗುಂಡೇಟು ತಿಂದು, ಕೆಲವೇ ದಿನಗಳಲ್ಲಿ ಕ್ಷಮಿಸಿದ್ದೇನೆ ಎಂದರು. 1983ರಲ್ಲಿ ಜೈಲಿಗೇ ಹೋಗಿ ಆ ಮನುಷ್ಯನನ್ನು ಕಂಡರು. ಇಟಲಿಯಲ್ಲಿ ಅವನಿಗೆ ಕ್ಷಮಾದಾನ ಸಿಕ್ಕಿದ್ದು 2000ದಲ್ಲಿ. ಅಷ್ಟು ವರ್ಷ ಕ್ಷಮೆಯೂ ಇತ್ತು, ಜೈಲೂ ಇತ್ತು.

ನಿಜ ಹೇಳಬೇಕೆಂದರೆ, "ನಾನು ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ, ಈಗ ಏನು ಮಾಡಬೇಕು?" ಎಂದು ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿದ್ದೇನೆ. ಇದಕ್ಕೆ ಬೈಬಲಿನಲ್ಲಿ ಅಂಕಿ ಸಮೇತ ಉತ್ತರವಿದೆ. ಯಾಜಕಕಾಂಡ 6: ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಿರುಗಿಸು, ಮೇಲೆ ಐದರಲ್ಲೊಂದು ಭಾಗ ಸೇರಿಸು. ಸುಂಕ ವಸೂಲಿಯವ ಜಕ್ಕಾಯ, ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಮತ್ತಾಯ 5:23-24ರ ಪ್ರಕಾರ ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಎದ್ದು ಹೋಗಬೇಕಾದವನು ಯಾರ ವಿರುದ್ಧ ದೂರಿದೆಯೋ ಅವನು. ಹೋದಾಗ ಮಾಡಿದ ಕೆಲಸದ ಹೆಸರು ಹೇಳಿ ಒಪ್ಪಿಕೊಳ್ಳಿ. "ನಿಮಗೆ ಬೇಜಾರಾಗಿದ್ದರೆ ಸಾರಿ" ಎನ್ನಬೇಡಿ, "ಆದರೆ ನೀವೂ" ಎಂದು ಮುಂದುವರಿಸಬೇಡಿ, ಅಲ್ಲೇ ಉತ್ತರ ಕೊಡಿ ಎಂದು ಕೂರಬೇಡಿ. ಹತ್ತು ಜನರ ಮುಂದೆ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕಾದದ್ದೂ ಆ ಹತ್ತು ಜನರ ಮುಂದೆಯೇ.

ಮಧ್ಯಸ್ಥಿಕೆಗೆ ಬರುವ ಹಿರಿಯರಿಗೂ ಒಂದು ಪತ್ರವಿದೆ, ಫಿಲೆಮೋನನಿಗೆ ಬರೆದದ್ದು. ನಿನ್ನ ಗುಲಾಮ ಓನೇಸಿಮನನ್ನು ಸೇರಿಸಿಕೋ ಎಂದು ಕೇಳುವ ಪೌಲ, ಅವನಿಂದ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆಯುತ್ತಾನೆ. ನನ್ನ ಹತ್ತಿರ ಬಂದ ಮಧ್ಯಸ್ಥರಲ್ಲಿ ಇದುವರೆಗೆ ಯಾರೂ ಹಾಗೆ ಬರೆದುಕೊಟ್ಟಿಲ್ಲ.