ದದ್ದಿನ ಲೆಕ್ಕ

ಮೊಬೈಲ್ ಆ್ಯಪ್‌ನಲ್ಲಿ ದದ್ದಿನ ಲೆಕ್ಕ ಬರೆಯೋಕೆ ಶುರು ಮಾಡಿ ಇವತ್ತಿಗೆ ಮೂರು ತಿಂಗಳು. ಪಿತ್ತದ ಗಂಧೆ ಆರು ವಾರ ದಾಟಿದರೆ ದೀರ್ಘಕಾಲದ್ದು ಅನ್ನುತ್ತಾರೆ. ನನ್ನದು ವರ್ಷ ದಾಟಿದೆ.

ಇದರ ದೊಡ್ಡ ಕಷ್ಟ ಏನು ಗೊತ್ತಾ? ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೇ ಇಲ್ಲದೆ ಹೋಗಿಬಿಡುತ್ತದೆ. ರಾತ್ರಿಯಿಡೀ ತುರಿಸಿಕೊಂಡು ನಿದ್ದೆಗೆಟ್ಟು, ಬೆಳಿಗ್ಗೆ ಡಾಕ್ಟರ ಮುಂದೆ ಕೂತರೆ ಚರ್ಮ ನುಣ್ಣಗಿರುತ್ತದೆ. "ಏನೂ ಕಾಣಿಸ್ತಿಲ್ವಲ್ಲ" ಅಂದಾಗ ಅಳು ಬಂದಿತ್ತು. ಈಗ ಫೋಟೊ ಇದೆ, ತಾರೀಖು ಇದೆ.

ದಿನಾ ದದ್ದಿಗೆ 0ರಿಂದ 3, ತುರಿಕೆಗೆ 0ರಿಂದ 3 ಅಂಕ. ಏಳು ದಿನದ್ದು ಕೂಡಿದರೆ ಜಾಸ್ತಿ ಅಂದರೆ 42. ಇದಕ್ಕೆ ಯುಎಎಸ್7 ಅಂತ ಹೆಸರು. ನನ್ನದು 31 ಇತ್ತು, ಕಳೆದ ವಾರ 9ಕ್ಕೆ ಇಳಿಯಿತು. ಮಾತ್ರೆ ಬದಲಿಸಿದ್ದು ಕೆಲಸ ಮಾಡಿದೆ ಅಂತ ಡಾಕ್ಟರೂ ನಾನೂ ಒಟ್ಟಿಗೇ ನೋಡಿದೆವು.

ಮೊದಲೆಲ್ಲ ತಿಂದದ್ದರ ಮೇಲೆಲ್ಲ ಅನುಮಾನ. ಬರೆದಿಟ್ಟ ಮೇಲೆ ನೋಡಿದರೆ ಊಟಕ್ಕೂ ದದ್ದಿಗೂ ತಾಳೆಯೇ ಆಗುತ್ತಿಲ್ಲ. ಬಿಗಿ ಬಟ್ಟೆ, ನಿದ್ದೆ ಇಲ್ಲದ ರಾತ್ರಿ, ಇವೇ ಜಾಸ್ತಿ. ಸುಮ್ನೆ ಎಷ್ಟೊಂದು ತಿನ್ನೋದು ಬಿಟ್ಟಿದ್ದೆ ಅಲ್ವಾ ಅನ್ನಿಸಿತು.

ಚೆನ್ನಾಗಿರುವ ದಿನವೂ ಮರೆಯದೆ ಸೊನ್ನೆ ಒತ್ತುತ್ತೇನೆ. ನಿನ್ನೆ ಒತ್ತಿದ್ದೂ ಸೊನ್ನೆಯೇ.